ಗ್ಯಾಲನ್ನಿಗೆ ಇನ್ನೂರು ಮೈಲಿ: ಕಾರು ತಯಾರಕರು, ಪ್ರಚಾರ ಮತ್ತು ಪಿತೂರಿಯ ಕಥೆಗಳು

ಒಬ್ಬ ಗೃಹಸ್ಥ ಹೊಸ ಕಾರು ಕೊಂಡನಂತೆ. ಎರಡು ವಾರ ಓಡಿಸಿದರೂ ಪೆಟ್ರೋಲ್ ಟ್ಯಾಂಕಿನ ಮುಳ್ಳು ಕೆಳಗಿಳಿಯಲೇ ಇಲ್ಲವಂತೆ. ಸಂತೋಷ ತಡೆಯಲಾರದೆ ಆತ ಕಾರು ಮಾರಿದವರಿಗೆ ವಿಷಯ ತಿಳಿಸಿದ. ಅದೇ ರಾತ್ರಿ ಕಂಪನಿಯಿಂದ ಇಬ್ಬರು ಬಂದರು, ಬಾನೆಟ್ ತೆರೆದು ಏನೋ ಒಂದು ಭಾಗವನ್ನು ಬದಲಿಸಿ ಹೊರಟುಹೋದರು. ಮರುದಿನದಿಂದ ಆ ಕಾರು ಎಲ್ಲ ಕಾರುಗಳಂತೆ ಪೆಟ್ರೋಲ್ ಕುಡಿಯತೊಡಗಿತು. ಕಂಪನಿ ಗುಟ್ಟಾಗಿ ಇಟ್ಟುಕೊಂಡಿದ್ದ ಅದ್ಭುತ ಕಾರ್ಬೊರೇಟರ್ ತಪ್ಪಿ ಆತನ ಕಾರಿಗೆ ಬಂದುಬಿಟ್ಟಿತ್ತು!

ಈ ಕಥೆಯನ್ನು ಯಾವುದಾದರೊಂದು ರೂಪದಲ್ಲಿ ನೀವು ಕೇಳಿರಬಹುದು. ಅಮೆರಿಕದ ಜನಪದ ವಿದ್ವಾಂಸ ಯಾನ್ ಹೆರಲ್ಡ್ ಬ್ರುನ್ವಾಂಡ್ ಇದನ್ನು ಆಧುನಿಕ ನಗರಗಳ ದಂತಕಥೆಗಳ ಸಾಲಿಗೆ ಸೇರಿಸಿದ್ದಾರೆ. ಊರು ಬದಲಾಗುತ್ತದೆ, ಕಾರಿನ ಹೆಸರು ಬದಲಾಗುತ್ತದೆ, ಕಥೆ ಮಾತ್ರ ಅದೇ. ಇದು ಎಂದೂ ಹೇಳುವವನ ಸ್ವಂತ ಅನುಭವವಾಗಿರುವುದಿಲ್ಲ. ಸ್ನೇಹಿತನ ಸ್ನೇಹಿತನಿಗೆ ಆದದ್ದಾಗಿರುತ್ತದೆ. ಉಷ್ಣಗತಿವಿಜ್ಞಾನದ ಎರಡನೆಯ ನಿಯಮವನ್ನು ತರಗತಿಯಲ್ಲಿ ಮುಗಿಸಿದ ಮೇಲೆ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಎದ್ದು ನಿಂತು, 'ಹಾಗಾದರೆ ತೈಲ ಕಂಪನಿಗಳು ಬಚ್ಚಿಟ್ಟಿರುವ ಆ ಎಂಜಿನ್?' ಎಂದು ಕೇಳುವುದುಂಟು. ಪ್ರಶ್ನೆ ಒಳ್ಳೆಯದು. 'ಅದೆಲ್ಲ ಸುಳ್ಳು, ಕುಳಿತುಕೋ' ಎಂದರೆ ಆ ವಿದ್ಯಾರ್ಥಿ ನಮ್ಮನ್ನೂ ಪಿತೂರಿಗಾರರ ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ, ಅಷ್ಟೆ. ಆದ್ದರಿಂದ ಕಥೆಯ ಮೂಲಕ್ಕೆ ಹೋಗೋಣ, ಜೊತೆಗೆ ಸ್ವಲ್ಪ ಲೆಕ್ಕವನ್ನೂ ಮಾಡೋಣ.

ಕಥೆಯ ನಾಯಕ ಕೆನಡಾದ ವಿನಿಪೆಗ್ ನಗರದ ಚಾರ್ಲ್ಸ್ ನೆಲ್ಸನ್ ಪೋಗ್. ಆತ 1930ರಿಂದ 1936ರ ನಡುವೆ ಕಾರ್ಬೊರೇಟರ್‌ಗೆ ಸಂಬಂಧಿಸಿದಂತೆ ಅಮೆರಿಕದಲ್ಲಿ ಹಲವು ಪೇಟೆಂಟುಗಳನ್ನು ಪಡೆದ. ಕಾರ್ಬೊರೇಟರ್‌ನ ಕೆಲಸ ನಿಮಗೆ ಗೊತ್ತು. ದ್ರವರೂಪದ ಪೆಟ್ರೋಲನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು, ಅದರ ಸುಮಾರು 15 ಪಟ್ಟು ತೂಕದ ಗಾಳಿಯೊಂದಿಗೆ ಬೆರೆಸಿ ಸಿಲಿಂಡರಿಗೆ ಕಳುಹಿಸುವುದು. ಹನಿಗಳು ಪೂರ್ತಿ ಉರಿಯುವುದಿಲ್ಲ, ಹೊರಹೋಗುವ ಬಿಸಿ ಅನಿಲದ ಶಾಖದಿಂದ ಪೆಟ್ರೋಲನ್ನು ಮೊದಲೇ ಸಂಪೂರ್ಣ ಆವಿ ಮಾಡಿದರೆ ಅಪಾರ ಉಳಿತಾಯವಾಗುತ್ತದೆ ಎಂಬುದು ಪೋಗ್‌ನ ವಾದ. ವಿನಿಪೆಗ್‌ನ ಕಾರು ವ್ಯಾಪಾರಿಗಳು ಪರೀಕ್ಷಿಸಿ ನೋಡಿದರೆಂದೂ, ಎಂಟು ಸಿಲಿಂಡರಿನ ಫೋರ್ಡ್ ಕಾರು ಗ್ಯಾಲನ್ನಿಗೆ 200 ಮೈಲಿ ಓಡಿತೆಂದೂ ಸುದ್ದಿ ಹಬ್ಬಿತು. ಕಾರು ಮಾರುವವರಿಗೆ ಇದಕ್ಕಿಂತ ಅಗ್ಗದ ಪ್ರಚಾರ ಬೇರೇನು ಬೇಕು! ಆದರೆ ಆ ಕಾರ್ಬೊರೇಟರ್ ಮಾರುಕಟ್ಟೆಗೆ ಬರಲಿಲ್ಲ. ಬಾರದ ವಸ್ತುವಿಗೆ ಕಾರಣ ಬೇಕಲ್ಲ, ತೈಲ ಕಂಪನಿಗಳೂ ಕಾರು ತಯಾರಕರೂ ಸೇರಿ ಅದನ್ನು ಹೂತುಹಾಕಿದರು ಎಂಬ ಕಥೆ ಹುಟ್ಟಿಕೊಂಡಿತು.

ಈಗ ಲೆಕ್ಕ. ಕೆನಡಾದಲ್ಲಿ ಆಗ ಬಳಕೆಯಲ್ಲಿದ್ದ ಗ್ಯಾಲನ್ 4.55 ಲೀಟರ್. 200 ಮೈಲಿ ಎಂದರೆ 322 ಕಿ.ಮೀ. ಅಂದರೆ ಲೀಟರಿಗೆ ಸುಮಾರು 71 ಕಿ.ಮೀ. ಕಾರಿನ ದ್ರವ್ಯರಾಶಿಯನ್ನು 1,150 ಕಿಲೋಗ್ರಾಂ ಎಂದು ಇಟ್ಟುಕೊಳ್ಳಿ. ರಸ್ತೆಯ ಮೇಲೆ ಟೈರುಗಳ ಉರುಳು ಘರ್ಷಣೆ ತೂಕದ ನೂರರಲ್ಲಿ ಒಂದೂವರೆ ಭಾಗದಷ್ಟು, ಅಂದರೆ ಸುಮಾರು 170 ನ್ಯೂಟನ್. ಆ ಕಾಲದ ಕಾರುಗಳು ಪೆಟ್ಟಿಗೆಯಂತೆ ನೆಟ್ಟಗೆ ನಿಂತ ಆಕಾರದವು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಯ ತಡೆ 230 ನ್ಯೂಟನ್‌ಗೆ ಹತ್ತಿರ ಬರುತ್ತದೆ. ಎರಡೂ ಸೇರಿ 400 ನ್ಯೂಟನ್. ಇಷ್ಟು ಬಲದ ವಿರುದ್ಧ ಒಂದು ಕಿಲೋಮೀಟರ್ ಸಾಗಲು ಬೇಕಾದ ಕೆಲಸ 4 ಲಕ್ಷ ಜೂಲ್, ಎಂದರೆ 0.4 ಮೆಗಾಜೂಲ್. 71 ಕಿ.ಮೀ. ಸಾಗಲು 28 ಮೆಗಾಜೂಲ್‌ಗೂ ಸ್ವಲ್ಪ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಬಳಕೆಗೆ ಸಿಗುವ ಶಾಖವೇ ಸುಮಾರು 32 ಮೆಗಾಜೂಲ್! ಅಂದರೆ ಪೋಗ್‌ನ ಕಾರು ತನಗೆ ದೊರೆತ ಶಾಖದ ಶೇಕಡಾ 88-89ರಷ್ಟನ್ನು ಚಕ್ರಗಳಿಗೆ ಮುಟ್ಟಿಸಬೇಕು.

ಇದು ಸಾಧ್ಯವೇ? ಪೆಟ್ರೋಲ್ ಎಂಜಿನ್ ಅನುಸರಿಸುವುದು ಆಟೊ ಚಕ್ರವನ್ನು. ಅದರ ಆದರ್ಶ ದಕ್ಷತೆ ಸಂಪೀಡನ ಅನುಪಾತವೊಂದನ್ನೇ ಅವಲಂಬಿಸಿದೆ. ಅಂದಿನ ಎಂಜಿನ್‌ಗಳಲ್ಲಿ ಈ ಅನುಪಾತ 6ರ ಆಸುಪಾಸಿನಲ್ಲಿತ್ತು. ಸೂತ್ರದಲ್ಲಿ 6 ಹಾಕಿ ನೋಡಿ, ದಕ್ಷತೆ ಶೇಕಡಾ 51 ಬರುತ್ತದೆ. ಘರ್ಷಣೆಯಿಲ್ಲದ, ಗೋಡೆಗಳಿಂದ ಶಾಖ ಸೋರದ, ಕಾಗದದ ಮೇಲಷ್ಟೇ ಇರುವ ಎಂಜಿನ್ನಿನ ಮಾತಿದು. ನಿಜವಾದ ಎಂಜಿನ್ ಇದರ ಅರ್ಧವನ್ನು ಮುಟ್ಟಿದರೆ ಪುಣ್ಯ. 'ಗಂಟೆಗೆ 60 ಬೇಡ, 30ರಲ್ಲಿ ಓಡಿಸಿರಬಹುದು' ಎಂದು ನೀವು ಪೋಗ್‌ನ ಪರವಾಗಿ ವಾದಿಸಬಹುದು. ಆಗ ಗಾಳಿಯ ತಡೆ ಕಾಲುಭಾಗಕ್ಕೆ ಇಳಿಯುತ್ತದೆ, ನಿಜ. ಆದರೂ 71 ಕಿ.ಮೀ.ಗೆ 16 ಮೆಗಾಜೂಲ್ ಬೇಕು. ಅಂದರೆ ದಕ್ಷತೆ ಶೇಕಡಾ 50. ಕಾಗದದ ಮೇಲಿನ ಎಂಜಿನ್‌ಗೆ ಮಾತ್ರ ಆಗುವ ಕೆಲಸ.

ಕಾರ್ಬೊರೇಟರ್ ಎಷ್ಟೇ ಜಾಣತನದ್ದಾದರೂ ಇಲ್ಲಿ ಏನೂ ಮಾಡಲಾರದು ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಪೆಟ್ರೋಲಿನ ಶಕ್ತಿಯ ಬಹುಪಾಲು ನಷ್ಟವಾಗುವುದು ಅದು ಉರಿಯದೆ ಹೋದದ್ದರಿಂದಲ್ಲ. ಉರಿದ ಮೇಲೆ ಆ ಶಾಖ ರೇಡಿಯೇಟರ್ ಮೂಲಕ, ಹೊಗೆಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಹಳೆಯ ಕಾರ್ಬೊರೇಟರ್ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಬೆರೆಸಿ ಸ್ವಲ್ಪ ಭಾಗವನ್ನು ಕಾರ್ಬನ್ ಮಾನಾಕ್ಸೈಡಾಗಿ ಕಳೆಯುತ್ತಿದ್ದುದು ನಿಜ. ಅದನ್ನು ಸರಿಪಡಿಸಿದರೆ ಮೈಲಿಗಳು ಸ್ವಲ್ಪ ಏರುತ್ತವೆ, ಹತ್ತು ಪಟ್ಟು ಏರುವುದಿಲ್ಲ. ಇಂಧನವನ್ನು ಗಣಕದ ನಿಯಂತ್ರಣದಲ್ಲಿ ಸಿಂಪಡಿಸುವ ವ್ಯವಸ್ಥೆ ಬಂದು ಕಾರುಗಳಿಂದ ಕಾರ್ಬೊರೇಟರ್ ಎಂಬ ಭಾಗವೇ ಮಾಯವಾಯಿತು. ಈಗ ಪೆಟ್ರೋಲ್ ಹೆಚ್ಚು ಕಡಿಮೆ ಪೂರ್ತಿ ಉರಿಯುತ್ತದೆ. ಆದರೂ ಗ್ಯಾಲನ್ನಿಗೆ 200 ಮೈಲಿ ಬಂದಿಲ್ಲ.

ಪಿತೂರಿಯ ಕಥೆಗೆ ಇನ್ನೊಂದು ದೊಡ್ಡ ತೂತಿದೆ. ಪೇಟೆಂಟ್ ಎಂದರೆ ಗುಟ್ಟು ಎಂದು ಅನೇಕರು ತಿಳಿದಿದ್ದಾರೆ. ವಾಸ್ತವ ಅದಕ್ಕೆ ವಿರುದ್ಧ. ನಿಮ್ಮ ಉಪಾಯವನ್ನು ಚಿತ್ರಸಹಿತ ಬಹಿರಂಗಪಡಿಸಿದರೆ ಮಾತ್ರ ಸರ್ಕಾರ ನಿಮಗೆ ಕೆಲವು ವರ್ಷಗಳ ಏಕಸ್ವಾಮ್ಯ ಕೊಡುತ್ತದೆ. ಅಮೆರಿಕದಲ್ಲಿ ಆಗ ಆ ಅವಧಿ 17 ವರ್ಷ. ಪೋಗ್‌ನ 1936ರ ಪೇಟೆಂಟ್ 1953ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಜಪಾನಿನವರಾಗಲಿ, ರಷ್ಯದವರಾಗಲಿ, ನಮ್ಮ ಪೀಣ್ಯದ ಒಂದು ವರ್ಕ್‌ಷಾಪಿನವರಾಗಲಿ ಯಾರಿಗೂ ಒಂದು ಕಾಸೂ ಕೊಡದೆ ಅದನ್ನು ತಯಾರಿಸಬಹುದಿತ್ತು. ಪೋಗ್‌ನ ಸಾಧನವನ್ನು ವಿಫಲಗೊಳಿಸಲೆಂದೇ ತೈಲ ಕಂಪನಿಗಳು ಪೆಟ್ರೋಲಿಗೆ ಸೀಸ ಬೆರೆಸಿದವು ಎಂಬ ಮಾತೂ ಇದೆ. ಸೀಸ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂದದ್ದು 1923ರಲ್ಲಿ, ಪೋಗ್‌ಗೆ ಮೊದಲ ಪೇಟೆಂಟ್ ಸಿಗುವುದಕ್ಕೆ ಏಳು ವರ್ಷ ಮುಂಚೆ!

ಹಾಗಾದರೆ ಒಂದು ಗ್ಯಾಲನ್ನಿನಲ್ಲಿ ನೂರಾರು ಮೈಲಿ ಓಡಿದ್ದು ಇಲ್ಲವೇ ಇಲ್ಲವೆ? ಇದೆ. 1973ರಲ್ಲಿ ಶೆಲ್ ಕಂಪನಿ ಏರ್ಪಡಿಸಿದ ಸ್ಪರ್ಧೆಯಲ್ಲಿ 1959ರ ಮಾದರಿಯ ಓಪೆಲ್ ಕಾರೊಂದು ಗ್ಯಾಲನ್ನಿಗೆ 376 ಮೈಲಿ ಓಡಿತು. ತೈಲ ಕಂಪನಿಯೇ ಏರ್ಪಡಿಸಿದ ಸ್ಪರ್ಧೆ ಇದು, ಗುಟ್ಟೇನೂ ಅಲ್ಲ. ಆದರೆ ಆ ಕಾರನ್ನು ಬಹುಮಟ್ಟಿಗೆ ಕಳಚಿ ಹಗುರ ಮಾಡಲಾಗಿತ್ತು, ತೀರ ಬಿಗಿಯಾದ ಟೈರುಗಳನ್ನು ಹಾಕಿ ಮೆಲ್ಲಗೆ ಓಡಿಸಲಾಗಿತ್ತು. ಕಡಿಮೆಯಾದದ್ದು ನಮ್ಮ ಲೆಕ್ಕದ ಆ 400 ನ್ಯೂಟನ್. ಎಂಜಿನ್ ನಿಯಮ ಮುರಿಯಲಿಲ್ಲ.

ಇಷ್ಟು ಹೊತ್ತು ಪಿತೂರಿಗೆ ಗುರಿಯಾದವನೆಂದು ಇತರರು ಹೇಳಿದವನ ಕಥೆ. ತಾವೇ ಪಿತೂರಿಯ ಮಾತನ್ನು ಎತ್ತಿ ಅದನ್ನು ಜಾಹೀರಾತಾಗಿ ಬಳಸಿಕೊಂಡ ಕಾರು ತಯಾರಕರೂ ಇದ್ದಾರೆ. ಅವರಲ್ಲಿ ಪ್ರೆಸ್ಟನ್ ಟಕರ್ ಬಹು ಪ್ರಸಿದ್ಧ. ಎರಡನೆಯ ಮಹಾಯುದ್ಧ ಮುಗಿದಿತ್ತು, ಅಮೆರಿಕದ ಜನ ಹೊಸ ಕಾರಿಗಾಗಿ ಹಸಿದಿದ್ದರು. ಯುದ್ಧವಿಮಾನಗಳ ಎಂಜಿನ್ ತಯಾರಾಗುತ್ತಿದ್ದ ಶಿಕಾಗೋದ ಬೃಹತ್ ಕಾರ್ಖಾನೆಯನ್ನು ಟಕರ್ ಬಾಡಿಗೆಗೆ ಹಿಡಿದ. ಶೇರು ಮಾರಿ ಒಂದೂವರೆ ಕೋಟಿ ಡಾಲರಿನಷ್ಟು ಹಣ ಎತ್ತಿದ. ಆತನ ಕಾರಿನಲ್ಲಿ ಎಂಜಿನ್ ಹಿಂದೆ. ಮುಂದೆ ಮೂರು ದೀಪ, ನಡುವಿನ ದೀಪ ಸ್ಟಿಯರಿಂಗ್ ಚಕ್ರದೊಂದಿಗೆ ತಿರುಗಿ ತಿರುವಿನಲ್ಲಿ ದಾರಿ ತೋರುತ್ತಿತ್ತು. ಡಿಕ್ಕಿಯಾದರೆ ಮುಂಗಾಜು ಹೊರಕ್ಕೆ ಕಳಚಿ ಬೀಳುತ್ತಿತ್ತು, ಪ್ರಯಾಣಿಕರ ಮುಂದೆ ಮೆತ್ತನೆಯ ಹೊದಿಕೆಯಿತ್ತು. ಸುರಕ್ಷತೆಯ ಬಗ್ಗೆ ಅಷ್ಟು ಯೋಚಿಸಿದವರು ಅಂದಿನ ದೊಡ್ಡ ಕಂಪನಿಗಳಲ್ಲಿ ಇರಲಿಲ್ಲ. ಈ ಶ್ರೇಯಸ್ಸು ಆತನಿಗೆ ಸಲ್ಲಬೇಕು.

ತೊಂದರೆ ಬಂದದ್ದು ಜಾಹೀರಾತು ಎಂಜಿನಿಯರುಗಳಿಗಿಂತ ಮುಂದೆ ಓಡಿದ್ದರಿಂದ. ಇಂಧನ ಸಿಂಪಡಣೆ, ಡಿಸ್ಕ್ ಬ್ರೇಕು, ಹಿಂದಿನ ಚಕ್ರಗಳಿಗೆ ನೇರ ಚಾಲನೆ, ಇವೆಲ್ಲ ಮೊದಲ ಜಾಹೀರಾತುಗಳಲ್ಲಿದ್ದವು, ತಯಾರಾದ ಕಾರಿನಲ್ಲಿರಲಿಲ್ಲ. 1947ರ ಜೂನ್ 19ರಂದು ಸಾವಿರಾರು ಜನರ ಮುಂದೆ ಮೊದಲ ಮಾದರಿಯನ್ನು ಅನಾವರಣಗೊಳಿಸುವ ಹೊತ್ತಿಗೆ ಅದರ ಆಧಾರದ ತೋಳುಗಳು ಮುರಿದು ಕೊನೆಯ ಗಳಿಗೆಯವರೆಗೂ ದುರಸ್ತಿ ನಡೆದಿತ್ತು. ಮುಂದೆ ದೊಡ್ಡ ಎಂಜಿನ್ನನ್ನು ಕೈಬಿಟ್ಟು ಹೆಲಿಕಾಪ್ಟರಿನ ಎಂಜಿನ್ನೊಂದನ್ನು ಮಾರ್ಪಡಿಸಿ ಕೂರಿಸಬೇಕಾಯಿತು. ಕಾರು ಸಿದ್ಧವಾಗುವ ಮುನ್ನವೇ ಅದರ ಸೀಟು ಹೊದಿಕೆ, ರೇಡಿಯೋ, ಪೆಟ್ಟಿಗೆಗಳನ್ನು ಮಾರುವ ಯೋಜನೆಯೊಂದನ್ನು ಟಕರ್ ಆರಂಭಿಸಿದ. ಕೊಂಡವರಿಗೆ ಕಾರಿನ ಸರದಿಯಲ್ಲಿ ಸ್ಥಾನ ಖಾತರಿ! ಷೇರು ವ್ಯವಹಾರಗಳ ನಿಯಂತ್ರಣ ಆಯೋಗದ ಕಣ್ಣು ಬೀಳಲು ಇಷ್ಟು ಸಾಕಾಯಿತು.

1948ರ ಜೂನ್‌ನಲ್ಲಿ ಟಕರ್ ಪತ್ರಿಕೆಗಳಲ್ಲಿ ಇಡೀ ಪುಟದ ಬಹಿರಂಗ ಪತ್ರವೊಂದನ್ನು ಜಾಹೀರಾತಾಗಿ ಪ್ರಕಟಿಸಿದ. ಪ್ರಭಾವಶಾಲಿಗಳ ಗುಂಪೊಂದು ತನ್ನ ಕಾರು ರಸ್ತೆಗೆ ಬಾರದಂತೆ ತಡೆಯುತ್ತಿದೆ, ತನ್ನ ಕಾರ್ಖಾನೆಯೊಳಗೂ ಅವರ ಗೂಢಚಾರರಿದ್ದಾರೆ ಎಂಬುದು ಅದರ ಸಾರ. 1949ರಲ್ಲಿ ವಂಚನೆಯ ಮೊಕದ್ದಮೆ ನಡೆಯಿತು. ಪ್ರತಿವಾದಿಗಳು ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. 1950ರ ಜನವರಿ 22ರಂದು ಟಕರ್ ಮತ್ತು ಆತನ ಸಹೋದ್ಯೋಗಿಗಳು ನಿರ್ದೋಷಿಗಳೆಂದು ತೀರ್ಪು ಬಂತು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿತ್ತು. ತಯಾರಾದದ್ದು ಮೊದಲ ಮಾದರಿಯೂ ಸೇರಿ 51 ಕಾರು ಮಾತ್ರ.

ಟಕರ್‌ನನ್ನು ಡೆಟ್ರಾಯಿಟ್‌ನ ಮೂರು ದೈತ್ಯರು ಮುಗಿಸಿದರು ಎಂಬುದು ಇಂದಿಗೂ ಜನಪ್ರಿಯ ನಂಬಿಕೆ. 1988ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಮಾಡಿದ ಚಲನಚಿತ್ರ ಅದಕ್ಕೆ ಇನ್ನಷ್ಟು ಬಣ್ಣ ಕೊಟ್ಟಿತು. ನನ್ನ ಅಭಿಪ್ರಾಯ ಬೇರೆ. ಆಯೋಗದ ಗುಪ್ತ ವರದಿ ಪತ್ರಿಕೆಗೆ ಸೋರಿಹೋದದ್ದು ಖಂಡಿತ ಅನ್ಯಾಯ. ಆದರೆ ಅದೇ ಕಾಲದಲ್ಲಿ ಆರಂಭವಾದ ಕೈಸರ್-ಫ್ರೇಜರ್ ಕಂಪನಿಯನ್ನು ನೋಡಿ. ಟಕರ್‌ಗಿಂತ ಎಷ್ಟೋ ಹೆಚ್ಚು ಬಂಡವಾಳ, ಪಳಗಿದ ಆಡಳಿತ, ಲಕ್ಷಗಟ್ಟಲೆ ಕಾರುಗಳ ತಯಾರಿಕೆ ಎಲ್ಲ ಇದ್ದೂ ಅದು 1955ರ ಹೊತ್ತಿಗೆ ಅಮೆರಿಕದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸಿತು. ಅದರ ಮೇಲೆ ಯಾರೂ ಪಿತೂರಿ ನಡೆಸಬೇಕಾಗಿರಲಿಲ್ಲ. ಹೊಸಬ ಕಾರು ಉದ್ಯಮದಲ್ಲಿ ಮುಳುಗಲು ಅಚ್ಚು, ಉಕ್ಕು ಮತ್ತು ಬಡ್ಡಿಯ ಲೆಕ್ಕವೇ ಸಾಕು.

ಟಕರ್ ಕಾರು ಮಾಡಿದ. 1974ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಎಲಿಜಬೆತ್ ಕಾರ್ಮೈಕೇಲ್ ಅದನ್ನೂ ಮಾಡಲಿಲ್ಲ. ಅರಬ್ ರಾಷ್ಟ್ರಗಳ ತೈಲ ನಿರ್ಬಂಧದಿಂದ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದನೆಯ ಸಾಲುಗಳಿದ್ದ ಮರುವರ್ಷ ಅದು. 'ಡೇಲ್' ಎಂಬ ಮೂರು ಚಕ್ರದ ಕಾರು, ಬೆಲೆ ಎರಡು ಸಾವಿರ ಡಾಲರಿನಷ್ಟು, ಗ್ಯಾಲನ್ನಿಗೆ 70 ಮೈಲಿ ಎಂದು ಕಂಪನಿ ಸಾರಿತು. ಟೆಲಿವಿಷನ್, ಪತ್ರಿಕೆ, ಪ್ರದರ್ಶನ ಎಲ್ಲೆಡೆ ಡೇಲ್. ಸಂಶಯಪಟ್ಟವರಿಗೆ ಸಿದ್ಧ ಉತ್ತರವಿತ್ತು: ಡೆಟ್ರಾಯಿಟ್‌ನ ದೊಡ್ಡವರಿಗೆ ನಮ್ಮನ್ನು ಕಂಡರೆ ಹೆದರಿಕೆ. ಜನ ಮುಂಗಡ ಹಣ ಕೊಟ್ಟರು, ವಿತರಕರು ಹಕ್ಕುಗಳಿಗಾಗಿ ಹಣ ಕೊಟ್ಟರು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಅಮೆರಿಕದ ಗ್ಯಾಲನ್ 3.79 ಲೀಟರ್. 70 ಮೈಲಿ ಎಂದರೆ ಲೀಟರಿಗೆ ಸುಮಾರು 30 ಕಿ.ಮೀ. ಅರ್ಧ ಟನ್ನಿಗಿಂತ ಹಗುರವಾದ ಪುಟ್ಟ ವಾಹನಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ 150 ನ್ಯೂಟನ್ ಬಲ ಸಾಕೆಂದರೆ ಬೇಕಾಗುವ ದಕ್ಷತೆ ಶೇಕಡಾ 14 ಮಾತ್ರ! ಅಂದರೆ ಪೋಗ್‌ನ ಹೇಳಿಕೆಯನ್ನು ತಳ್ಳಿಹಾಕಿದ ಭೌತವಿಜ್ಞಾನ ಡೇಲ್‌ನ ಹೇಳಿಕೆಯನ್ನು ತಳ್ಳಿಹಾಕುವುದಿಲ್ಲ. ನಿಸರ್ಗ ನಿಯಮಕ್ಕೆ ಒಪ್ಪಿಗೆಯಾದ ಮಾತ್ರಕ್ಕೆ ಒಂದು ಹೇಳಿಕೆ ನಿಜವಾಗುವುದಿಲ್ಲ, ಕಾರನ್ನು ತಂದು ಓಡಿಸಿ ತೋರಿಸಬೇಕು. ಪ್ರದರ್ಶನಕ್ಕಿಟ್ಟ ಡೇಲ್‌ಗಳಲ್ಲಿ ಜಾಹೀರಾತಿನಂತೆ ರಸ್ತೆಯಲ್ಲಿ ಓಡಬಲ್ಲದ್ದು ಒಂದೂ ಇರಲಿಲ್ಲ. 1975ರಲ್ಲಿ ವಂಚನೆ ಬಯಲಾಯಿತು. ಶಿಕ್ಷೆಗೊಳಗಾದ ಕಾರ್ಮೈಕೇಲ್ ತಲೆತಪ್ಪಿಸಿಕೊಂಡು, 1989ರಲ್ಲಿ ಟೆಕ್ಸಾಸ್‌ನ ಒಂದು ಹಳ್ಳಿಯಲ್ಲಿ ಸಿಕ್ಕಿಬಿದ್ದಳು. ಆ ಹಳ್ಳಿಯ ಹೆಸರೂ ಡೇಲ್! ಇಂಥ ಕಾಕತಾಳೀಯಗಳೇ ಪಿತೂರಿ ಪ್ರಿಯರಿಗೆ ಮೃಷ್ಟಾನ್ನ.

ನೀರಿನಿಂದ ಓಡುವ ಕಾರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರೆಂದರೆ ಹೈಡ್ರೊಜನ್ ಉರಿದು ಉಳಿದ ಬೂದಿ. ಬೂದಿಯನ್ನು ಮತ್ತೆ ಸೌದೆ ಮಾಡಲು ಉರಿದಾಗ ಬಂದಷ್ಟು ಶಕ್ತಿಯನ್ನಾದರೂ ಹಿಂದಕ್ಕೆ ಕೊಡಲೇಬೇಕು. ಓಹಿಯೋದ ಸ್ಟ್ಯಾನ್ಲಿ ಮೇಯರ್ ತನ್ನ ವಾಹನ ನೀರಿನಿಂದ ಓಡುತ್ತದೆಂದು ಹೇಳಿ ಹೂಡಿಕೆದಾರರಿಂದ ಹಣ ಪಡೆದಿದ್ದ. 1996ರಲ್ಲಿ ನ್ಯಾಯಾಲಯ ಅದನ್ನು ವಂಚನೆ ಎಂದು ತೀರ್ಮಾನಿಸಿ ಹಣ ಹಿಂದಿರುಗಿಸಲು ಹೇಳಿತು. 1998ರಲ್ಲಿ ಮಿದುಳಿನ ರಕ್ತನಾಳ ಒಡೆದು ಆತ ಸತ್ತಾಗ, ವಿಷ ಹಾಕಿದರೆಂಬ ಸುದ್ದಿ ಹುಟ್ಟಿತು. ಅದೇ 1996ರಲ್ಲಿ ನಮ್ಮ ನೆರೆಯ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದು ದೇಶವನ್ನೇ ಬೆರಗುಗೊಳಿಸಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಪಾತ್ರೆಯನ್ನು ಕಲಕುವ ಕೋಲಿನಲ್ಲಿ ಪೆಟ್ರೋಲಿಯಂ ಅಡಗಿತ್ತು. 2016ರಲ್ಲಿ ಚೆನ್ನೈ ನ್ಯಾಯಾಲಯ ಆತನಿಗೆ ಮೂರು ವರ್ಷಗಳ ಶಿಕ್ಷೆ ವಿಧಿಸಿತು.

ಇಷ್ಟು ಓದಿದ ಮೇಲೆ ಕಾರು ಕಂಪನಿಗಳು ಪಾಪ, ಪಿತೂರಿಯನ್ನೇ ಅರಿಯದವು ಎಂದು ನೀವು ತಿಳಿದರೆ ಅದೂ ತಪ್ಪು. ಪೆಟ್ರೋಲಿಗೆ ಸೀಸ ಸೇರಿಸಿದವರು ತಮ್ಮ ಸರಕಿಗೆ 'ಈಥೈಲ್' ಎಂದಷ್ಟೇ ಹೆಸರಿಟ್ಟು ಜಾಹೀರಾತುಗಳಲ್ಲಿ ಸೀಸದ ಹೆಸರೆತ್ತಲಿಲ್ಲ. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಸೀಸದ ವಿಷದಿಂದ ಕಾರ್ಮಿಕರು ಸತ್ತರು. ಭಾರತದಲ್ಲಿ ಆ ಪೆಟ್ರೋಲ್ ನಿಂತದ್ದು 2000ದಲ್ಲಿ. ಕಾರುಗಳ ಅಸುರಕ್ಷತೆಯ ಬಗ್ಗೆ 1965ರಲ್ಲಿ ಪುಸ್ತಕ ಬರೆದ ರಾಲ್ಫ್ ನೇಡರ್‌ನ ಹಿಂದೆ ಜನರಲ್ ಮೋಟಾರ್ಸ್ ಖಾಸಗಿ ಪತ್ತೇದಾರರನ್ನು ಬಿಟ್ಟಿತ್ತು. ಕಂಪನಿಯ ಅಧ್ಯಕ್ಷ ಜೇಮ್ಸ್ ರೋಶ್ 1966ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಅದಕ್ಕಾಗಿ ಕ್ಷಮೆ ಕೇಳಬೇಕಾಯಿತು. ಇವು ವದಂತಿಗಳಲ್ಲ, ದಾಖಲೆಗಳು.

ಎಲ್ಲಕ್ಕಿಂತ ದೊಡ್ಡದು ನಮ್ಮ ಕಾಲದ್ದೇ. ಫೋಕ್ಸ್‌ವಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳು ಅತ್ಯಂತ ಶುದ್ಧವೆಂದು ಅಮೆರಿಕದಲ್ಲಿ ಅಬ್ಬರದ ಪ್ರಚಾರ ನಡೆಸಿತ್ತು. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಆ ಕಾರುಗಳನ್ನು ರಸ್ತೆಯಲ್ಲೇ ಪರೀಕ್ಷಿಸಲು ಹೊರಟಿತು. ತಂಡದಲ್ಲಿ ಭಾರತ ಮೂಲದ ಅರವಿಂದ್ ತಿರುವೆಂಗಡಂ ಇದ್ದರು, ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಆಗ ಸಂಶೋಧನಾ ವಿದ್ಯಾರ್ಥಿಯಾಗಿ ಆ ಕೆಲಸದಲ್ಲಿದ್ದರು. ಅವರು ಯಾರ ಗುಟ್ಟನ್ನೂ ಬಯಲು ಮಾಡಲು ಹೋದವರಲ್ಲ. ಶುದ್ಧ ಡೀಸೆಲ್ ಹೇಗೆ ಸಾಧ್ಯವಾಯಿತು ಎಂದು ಅಳೆಯಲು ಹೋದವರು. ಪ್ರಯೋಗಾಲಯದ ಉರುಳೆಗಳ ಮೇಲೆ ಓಡಿಸುವ ಬದಲು ಅಳೆಯುವ ಉಪಕರಣವನ್ನೇ ಕಾರಿನ ಹಿಂಭಾಗಕ್ಕೆ ಏರಿಸಿ, ಹೊಗೆಕೊಳವೆಗೆ ನಳಿಗೆ ಜೋಡಿಸಿ, ಕ್ಯಾಲಿಫೋರ್ನಿಯದ ಹೆದ್ದಾರಿಗಳಲ್ಲೂ ಊರೊಳಗೂ ಓಡಿಸಿದರು.

ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಜೆಟ್ಟ ಕಾರು ಉಗುಳಿದ ನೈಟ್ರೊಜನ್ ಆಕ್ಸೈಡುಗಳು ನಿಗದಿತ ಮಿತಿಯ 15ರಿಂದ 35 ಪಟ್ಟು, ಪಸಾಟ್‌ನದು 5ರಿಂದ 20 ಪಟ್ಟು. ಪ್ರಯೋಗಾಲಯದಲ್ಲಿ ಅದೇ ಕಾರುಗಳು ಸಾಧುಗಳು! ಕಾರಣ ಅವುಗಳ ಗಣಕದಲ್ಲಿದ್ದ ತಂತ್ರಾಂಶ. ಚಕ್ರಗಳು ತಿರುಗುತ್ತಿವೆ, ಆದರೆ ಸ್ಟಿಯರಿಂಗ್ ಅಲುಗುತ್ತಿಲ್ಲ ಎಂಬಂಥ ಸುಳಿವುಗಳಿಂದ ಅದು 'ಈಗ ಪರೀಕ್ಷೆ ನಡೆಯುತ್ತಿದೆ' ಎಂದು ಅರಿತು ಹೊಗೆ ಶುದ್ಧೀಕರಣವನ್ನು ಪೂರ್ತಿ ಚಾಲೂ ಮಾಡುತ್ತಿತ್ತು, ರಸ್ತೆಗೆ ಬಂದ ಕೂಡಲೇ ತಗ್ಗಿಸುತ್ತಿತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಂಪನಿಗೆ ನೋಟೀಸು ಕೊಟ್ಟಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ತಂತ್ರಾಂಶವಿದೆಯೆಂದು ಕಂಪನಿಯೇ ಒಪ್ಪಿಕೊಂಡಿತು.

ವೆಸ್ಟ್ ವರ್ಜೀನಿಯದವರು ಪರೀಕ್ಷಿಸಿದ ಕಾರುಗಳು ಮೂರು. ಮೂರನೆಯದು ಬಿಎಂಡಬ್ಲ್ಯು ಕಂಪನಿಯ ಡೀಸೆಲ್ ವಾಹನ. ಅದೇ ಉಪಕರಣವನ್ನು ಹೊತ್ತು ಅಂಥವೇ ರಸ್ತೆಗಳಲ್ಲಿ ಓಡಿದ ಆ ವಾಹನ, ಕೆಲವು ಏರುದಾರಿಗಳನ್ನು ಬಿಟ್ಟರೆ, ಬಹುಮಟ್ಟಿಗೆ ಮಿತಿಯೊಳಗೇ ಉಳಿಯಿತು. ಉಪಕರಣದಲ್ಲಿ ದೋಷವಿರಬಹುದು ಎಂದು ಹೇಳಲು ಯಾರಿಗೂ ಜಾಗ ಉಳಿಯಲಿಲ್ಲ.